ದುಡ್ಡಿನ ವಾರ್ಡಿನ ಬಿಸಿಲು

ಮಗು ಬೆಳ್ಳಗಾಗುತ್ತಿದೆ ಎಂದು ನಾವೆಲ್ಲ ಹಿಗ್ಗುತ್ತಿದ್ದೆವು. ಅದು ಸಾಯುವ ದಾರಿ ಹಿಡಿದಿತ್ತು.

ನಮ್ಮದು ಕಪ್ಪು ಕುಲ. ನಾನು ಕಪ್ಪು. ನನ್ನ ಗಂಡ ಶೀನ ನನಗಿಂತ ಕಪ್ಪು. ಕುಂದಾಪುರದ ಕಡೆಯಿಂದ ಮದ್ರಾಸಿಗೆ ಬಂದು ಟಿ. ನಗರದಲ್ಲಿ ಸುಬ್ರಾಯರ ಹೋಟೆಲಿನಲ್ಲಿ ದುಡಿಯುತ್ತಿದ್ದೆವು. ಅವನು ಎಂಜಲು ತಟ್ಟೆ ತೊಳೆಯುವವನು. ನಾನು ಹಿತ್ತಲಿನ ನಲ್ಲಿಯ ಬಳಿ ದೊಡ್ಡ ಪಾತ್ರೆ ತಿಕ್ಕುವವಳು. ಸಾಂಬಾರಿನ ಹಂಡೆ ನನ್ನ ಸೊಂಟದೆತ್ತರ. ಅದರೊಳಗೆ ತಲೆ ಹಾಕಿ, ಎರಡೂ ತೋಳು ಇಳಿಸಿ, ಬೂದಿ ಹುಣಸೆಹಣ್ಣು ಹಾಕಿ ಉಜ್ಜಬೇಕು. ಬಸುರಿಯಾದ ಮೇಲೆ ಹಂಡೆಯ ಅಂಚು ಹೊಟ್ಟೆಗೆ ಒತ್ತುತ್ತಿತ್ತು. ಒಳಗಿನಿಂದ ಮಗು ಒದೆಯುತ್ತಿತ್ತು. ನಾನು ಉಜ್ಜಿ ಹೊಳೆಯಿಸಿದ ಹಂಡೆ ಹಾಗೆಯೇ ಒಲೆಯ ಮೇಲೆ ಹೋಗುವಂತಿರಲಿಲ್ಲ. ಅಡಿಗೆ ಭಟ್ಟರು ಬಂದು ಅದಕ್ಕೆ ಒಂದು ಬಿಂದಿಗೆ ನೀರು ಸುರಿದು, ನನ್ನ ಕೈ ತಾಗಿದ್ದನ್ನು ಕಳೆದು, ಆಮೇಲೆ ಒಳಗೆ ಒಯ್ಯುತ್ತಿದ್ದರು. ದಿನಾ ನೋಡಿ ನೋಡಿ ನನಗೆ ಸಿಟ್ಟು ಬರುವುದೂ ನಿಂತುಹೋಗಿತ್ತು.

ಅದು ಹಿಂದಿ ಬೇಡವೆಂದು ಊರಿಗೆ ಊರೇ ಎದ್ದ ವರ್ಷ. ಜನವರಿ ತಿಂಗಳು. ನಲ್ಲಿಯ ಬುಡದಲ್ಲೇ ನನಗೆ ನೋವು ಬಂತು. ಶೀನ ಸೋಪಿನ ಕೈಯಲ್ಲೇ ಓಡಿಬಂದು ನನ್ನನ್ನು ರಿಕ್ಷಾಕ್ಕೆ ಹತ್ತಿಸಿದ. ಸಾಹುಕಾರರು ಕೂಡಿ ಕಟ್ಟಿಸಿದ ಒಂದು ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದ. ಮುಂದಿನ ಕಡೆ ದುಡ್ಡಿನ ವಾರ್ಡು, ಹಿಂದಿನ ಕಡೆ ಧರ್ಮದ ವಾರ್ಡು. ದುಡ್ಡಿನ ವಾರ್ಡಿಗೆ ಪೂರ್ವ ದಿಕ್ಕಿನ ಉದ್ದ ವರಾಂಡ. ಬೆಳಿಗ್ಗೆ ಎದ್ದರೆ ಬಿಸಿಲು ನೇರ ಅಲ್ಲಿಗೇ ಬೀಳುತ್ತಿತ್ತು. ಧರ್ಮದ ವಾರ್ಡಿನಲ್ಲಿ ಹಗಲೂ ಲೈಟು ಹಾಕಬೇಕು. ಒಂದು ಮಂಚಕ್ಕೆ ಇಬ್ಬರು ಬಾಣಂತಿಯರು, ಮಂಚ ಸಿಗದವರಿಗೆ ನೆಲದ ಮೇಲೆ ಚಾಪೆ. ನನಗೆ ಚಾಪೆ ಸಿಕ್ಕಿತು. ಅಲ್ಲೇ ಹೆಣ್ಣು ಹುಟ್ಟಿತು. ಮರುದಿನ ಶೀನನ ಅಕ್ಕ ರತ್ನಾವತಿ ಬಂದಳು.

ಅತ್ತಿಗೆ ಬಾಳೆಲೆಯಲ್ಲಿ ಸುತ್ತಿ ತೇಯ್ದ ಅರಿಶಿನ ತಂದಿದ್ದಳು. ನಮ್ಮ ಕಡೆ ಹೆಣ್ಣು ಹುಟ್ಟಿದರೆ ತೆಂಗಿನೆಣ್ಣೆಯಲ್ಲಿ ಅರಿಶಿನ ಕಲಸಿ ಮೈಗೆಲ್ಲ ತಿಕ್ಕುತ್ತಾರೆ. ಬಣ್ಣ ಬರಲಿ ಎಂದು. ನರ್ಸು ಆಚೆ ಹೋದ ಸಮಯ ನೋಡಿ ಅತ್ತಿಗೆ ತಿಕ್ಕಿದಳು. ಮರುದಿನ ಒರೆಸಿ ನೋಡಿದರೆ ಮಗು ಹೊಂಬಣ್ಣ. ಅದರ ಮರುದಿನ ಇನ್ನೂ ಹೆಚ್ಚು. ಅತ್ತಿಗೆಯ ಸಂಭ್ರಮ ಹೇಳತೀರದು.

“ಅರಶಿನ ಹಿಡ್ತ್ ಕಾಣ್ ಸರಸ. ನಮ್ ಕುಲದಂಗೆ ಇಷ್ಟ್ ಬೆಳಿ ಹೆಣ್ಣ್ ನಾ ಕಂಡದ್ದಿಲ್ಲೆ” ಎಂದಳು.

ಪಕ್ಕದ ಚಾಪೆಯವರೂ ಬಂದು ನೋಡಿದರು. ಕಪ್ಪು ತಾಯಿಗೆ ಚಿನ್ನದಂಥ ಮಗು ಎಂದು ಗಲ್ಲ ಸವರಿದರು. ನನಗೂ ಹೆಮ್ಮೆ. ಮಗುವಿನ ಕಣ್ಣಿನ ಬಿಳಿಯೂ ಹಳದಿಯಾಗಿತ್ತು. ಕಣ್ಣಿಗೆ ಯಾರಾದರೂ ಅರಿಶಿನ ಹಚ್ಚುತ್ತಾರೆಯೇ? ನಮಗೆ ಯಾರಿಗೂ ಅದು ಹೊಳೆಯಲಿಲ್ಲ. ಬೆಳ್ಳಗಿನ ಹೆಣ್ಣಿನ ಆಸೆ ಅಂಥದ್ದು. ಬೆಳ್ಳಗಿದ್ದರೆ ಹಿತ್ತಲಿನ ನಲ್ಲಿಯಿಂದ ಹೊಸಿಲಿನೊಳಗೆ ಹೋದೀತು ಎಂಬ ಆಸೆ. ಆ ಆಸೆಯನ್ನು ನಮ್ಮ ತಲೆಗೆ ತುಂಬಿದವರ ಬಾಯಿಗೆ ಮಣ್ಣು ಬೀಳಲಿ.

ನರ್ಸುಗಳೂ ನೋಡಿದರು. ನೋಡಿ ಬೈದರು. ನೀವೆಲ್ಲ ಹೀಗೇ, ಮಗುವಿಗೆ ಮಂಜಳ್ ಬಳಿದು ಬಟ್ಟೆ ಹಾಳು ಮಾಡುತ್ತೀರಿ ಎಂದರು. ಒಬ್ಬಳೂ ಬಗ್ಗಿ ಮುಟ್ಟಲಿಲ್ಲ. ಮಗು ಹಾಲು ಕುಡಿಯುತ್ತ ಕುಡಿಯುತ್ತ ನಿದ್ದೆ ಹೋಗುತ್ತಿತ್ತು. ಎಬ್ಬಿಸಿದರೆ ಏಳುತ್ತಿರಲಿಲ್ಲ. ಎಷ್ಟು ಸಾಧು ಮಗು ಎಂದು ಅದನ್ನೂ ಹೊಗಳಿದರು.

ಬಗ್ಗಿ ಮುಟ್ಟಿದವಳು ಸಣ್ಣ ಡಾಕ್ಟರಮ್ಮ. ಹೊಸದಾಗಿ ಸೇರಿದ ತಮಿಳು ಹುಡುಗಿ, ಸೀರೆಯ ಮೇಲೆ ಬಿಳಿ ಕೋಟು. ಹತ್ತಿ ಒದ್ದೆ ಮಾಡಿ ಮಗುವಿನ ಎದೆ ಒರೆಸಿದಳು. ಹತ್ತಿಗೆ ಅರಿಶಿನ ಬಂತು. ಇನ್ನೊಂದು ಹತ್ತಿ ತೆಗೆದುಕೊಂಡಳು. ಈ ಸಲ ಹತ್ತಿ ಬೆಳ್ಳಗೇ ಉಳಿಯಿತು, ಎದೆ ಮಾತ್ರ ಹಳದಿ. ಮೂಗಿನ ಮೇಲೆ ಬೆರಳೊತ್ತಿ ತೆಗೆದಳು. ಒತ್ತಿದ ಜಾಗವೂ ಹಳದಿ.

ಅವಳು ನನ್ನ ಚಾಪೆಯ ಮೇಲೆ ಕೂತು ನಿಧಾನವಾಗಿ ಹೇಳಿದಳು. ಇದು ಬಣ್ಣವಲ್ಲ, ಕಾಮಾಲೆ. ಹಸುಗೂಸುಗಳಿಗೆ ಬರುತ್ತದೆ, ಬಹಳ ಮಕ್ಕಳಿಗೆ ತಾನಾಗಿಯೇ ಇಳಿಯುತ್ತದೆ. ಇದರದು ಏರುತ್ತಿದೆ. ತಲೆಗೆ ಏರಿದರೆ ಮಗು ಸೆಟೆದುಕೊಳ್ಳುತ್ತದೆ, ಉಳಿದರೂ ನೆಟ್ಟಗಿರುವುದಿಲ್ಲ. ರಕ್ತವನ್ನೇ ಬದಲಿಸುವ ದೊಡ್ಡ ಆಸ್ಪತ್ರೆ ಇದೆ, ಆದರೆ ರಸ್ತೆಯಲ್ಲಿ ಈಗ ಕಲ್ಲು ಬೀಳುತ್ತಿದೆ, ಗಾಡಿ ಹೋಗುವುದಿಲ್ಲ. ಇಂಗ್ಲೆಂಡಿನಲ್ಲಿ ಕೂಸುಗಳನ್ನು ಬಿಸಿಲಿಗೆ ಇಟ್ಟು ಹಳದಿ ಇಳಿಸುತ್ತಾರೆ ಎಂದು ಅವಳಿಗೆ ಪಾಠ ಹೇಳಿದವರು ನೋಡಿ ಬಂದಿದ್ದರಂತೆ. ಮಗುವಿನ ಬಟ್ಟೆ ಬಿಚ್ಚಿ, ಕಣ್ಣು ಮುಚ್ಚಿ, ಎಳೆ ಬಿಸಿಲಿಗೆ ಹಿಡಿ. ಎದೆ, ಬೆನ್ನು ಎರಡೂ ಕಾಯಲಿ. ನಿದ್ದೆ ಮಾಡಿದರೆ ಪಾದ ತಟ್ಟಿ ಎಬ್ಬಿಸಿ ಹಾಲು ಕೊಡು. ಹಾಲು ಹೆಚ್ಚು ಹೋದಷ್ಟೂ ಹಳದಿ ಹೊರಗೆ ಹೋಗುತ್ತದೆ. ಮಗುವನ್ನು ಬಿಟ್ಟು ಇರಬೇಡ. ಇಷ್ಟನ್ನು ಅವಳು ತಮಿಳಿನಲ್ಲಿ ಎರಡೆರಡು ಸಲ ಹೇಳಿದಳು. ನಾನು ಒಂದೂ ಬಿಡದೆ ಮನಸ್ಸಿನಲ್ಲಿಟ್ಟುಕೊಂಡೆ.

ಆಮೇಲೆ ಅವಳಿಗೂ ಹೆಡ್ ನರ್ಸಿಗೂ ಇಂಗ್ಲಿಷಿನಲ್ಲಿ ಜೋರು ಮಾತಾಯಿತು. ಹೆಡ್ ನರ್ಸು ಆ ಆಸ್ಪತ್ರೆಯಲ್ಲಿ ತಲೆ ನೆರೆದವಳು. ಡಾಕ್ಟರಮ್ಮನ ಮುಖ ಕೆಂಪಗಾಯಿತು, ಮಾತು ಕಡಿಮೆಯಾಯಿತು. ಮರುದಿನ ಬಸ್ಸೇ ಇರಲಿಲ್ಲ. ಅವಳು ಬರಲಿಲ್ಲ.

ಹೆಡ್ ನರ್ಸು ಬಂದಳು. ಧರ್ಮದ ವಾರ್ಡಿನಲ್ಲಿ ಕಾಯಿಲೆಯ ಕೂಸು ತಾಯಿಯ ಹತ್ತಿರ ಇರುವಂತಿಲ್ಲ, ಅದು ಮಕ್ಕಳ ರೂಮಿಗೆ ಹೋಗಬೇಕು, ನಿಮ್ಮ ಕೊಳಕು ಕೈ ತಾಗಿದರೆ ಇನ್ನೊಂದು ಕಾಯಿಲೆ ಹತ್ತುತ್ತದೆ ಎಂದಳು. ಬಿಸಿಲಿನ ಮಾತೆತ್ತಿದೆ. ವರಾಂಡ ದುಡ್ಡು ಕೊಟ್ಟವರಿಗೆ ಎಂದಳು. ಹಾಲಿನ ಮಾತೆತ್ತಿದೆ. ಗ್ಲೂಕೋಸು ನೀರು ಕೊಡುತ್ತೇವೆ, ಸಾಕು ಎಂದಳು. ಆಯಾ ನನ್ನ ಮಡಿಲಿನಿಂದ ಮಗುವನ್ನು ಎತ್ತಿಕೊಂಡು ಹೋದಳು. ನಾನು ನೋಡುತ್ತ ಕೂತೆ. ಕೂತೇ ಇದ್ದೆ. ದೊಡ್ಡವರು ಹೇಳಿದ ಮೇಲೆ ಏಳಬಾರದು ಎಂದು ನಮ್ಮ ಮೈಗೆ ಕಲಿಸಿಬಿಟ್ಟಿದ್ದಾರೆ.

ಮಕ್ಕಳ ರೂಮು ಹಿಂದುಗಡೆ, ಬಟ್ಟೆ ಬೇಯಿಸುವ ಒಲೆಯ ಪಕ್ಕ. ಒಂದೇ ಕಿಟಕಿ, ಅದರೆದುರು ಗೋಡೆ. ಬಾಗಿಲಿಗೆ ಒಂದು ಗಾಜಿನ ಚೌಕ. ಒಳಗೆ ಮೇಜಿನ ಮೇಲೆ ಸಾಲಾಗಿ ಕೂಸುಗಳನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದರು. ಮುಖ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆ ಗಾಜಿಗೆ ಮುಖವೊತ್ತಿ ನಿಲ್ಲುವ ತಾಯಂದಿರು ನಾವು ಆರೇಳು ಜನ. ಒಬ್ಬಳು ನೋಡಿದ ಮೇಲೆ ಇನ್ನೊಬ್ಬಳು. ಅವರಲ್ಲಿ ತಿರುವೊಟ್ಟಿಯೂರಿನ ಬೆಸ್ತರ ಹೆಂಗಸು ಕನ್ನಿಯಮ್ಮ ಯಾವಾಗಲೂ ನನ್ನ ಹಿಂದೆಯೇ. ಅವಳಿಗೆ ಗಂಡು ಕೂಸು. ಅದೂ ಹಳದಿ.

ಎದೆ ಬಿಗಿದು ಕಲ್ಲಾಯಿತು. ರವಿಕೆ ಮುಂದುಗಡೆ ತೊಯ್ದು ಹೋಯಿತು. ತೋಳು ಎತ್ತಿದರೆ ನೋವು, ಇಳಿಸಿದರೆ ನೋವು. ಬಚ್ಚಲಿಗೆ ಹೋಗಿ ಹಿಂಡಿ ಚೆಲ್ಲಬೇಕು, ಇಲ್ಲದಿದ್ದರೆ ಬಾವು ಬರುತ್ತದೆ ಎಂದು ಆಯಾ ಹೇಳಿದಳು. ನಾನೂ ಕನ್ನಿಯಮ್ಮನೂ ಬಚ್ಚಲಿನಲ್ಲಿ ಎದುರುಬದುರು ಕುಕ್ಕರುಗಾಲಿನಲ್ಲಿ ಕೂತು ಹಾಲು ಹಿಂಡಿ ಮೋರಿಗೆ ಬಿಟ್ಟೆವು. ಗೋಡೆಯಾಚೆ ನಮ್ಮ ಕೂಸುಗಳ ಬಾಯಿಗೆ ಸಕ್ಕರೆ ನೀರು. ಮಗು ಹುಟ್ಟಿದ ಮೇಲೆ ಮೊದಲ ಸಲ ನನಗೆ ಸಿಟ್ಟು ಬಂದದ್ದು ಆ ಬಚ್ಚಲಿನಲ್ಲಿ.

ಮರುದಿನ ಮಧ್ಯಾಹ್ನ ಗಾಜಿನಲ್ಲಿ ನೋಡುತ್ತಿದ್ದ ಕನ್ನಿಯಮ್ಮ ಬಾಗಿಲಿಗೆ ಗುದ್ದತೊಡಗಿದಳು. ಅವಳ ಕೂಸು ಬಿಲ್ಲಿನಂತೆ ಹಿಂದಕ್ಕೆ ಬಾಗಿತ್ತು. ಆಯಾ ಓಡಿಬಂದಳು, ನರ್ಸು ಓಡಿಬಂದಳು. ಬಾಗಿಲು ತೆಗೆದು ಮತ್ತೆ ಮುಚ್ಚಿಕೊಂಡರು. ಕನ್ನಿಯಮ್ಮನನ್ನು ಒಳಗೆ ಬಿಡಲಿಲ್ಲ. ಸಂಜೆ ಬಿಳಿ ಬಟ್ಟೆ ಸುತ್ತಿ ಹೊರಗೆ ತಂದು ಅವಳ ಗಂಡನ ಕೈಗೆ ಕೊಟ್ಟರು. ಅವಳು ನೆಲಕ್ಕೆ ಬಿದ್ದು ಅತ್ತಳು. ದುಡ್ಡಿನ ವಾರ್ಡಿನವರಿಗೆ ತೊಂದರೆಯಾಗುತ್ತದೆ, ಸುಮ್ಮನಿರಿಸಿ ಎಂದು ಹೆಡ್ ನರ್ಸು ನಮಗೆ ಹೇಳಿಕಳಿಸಿದಳು. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗಿದ್ದರಿಂದ ಕನ್ನಿಯಮ್ಮನನ್ನು ಮನೆಗೂ ಕಳಿಸಲಿಲ್ಲ. ಬರಿದಾದ ಮಡಿಲು ಇಟ್ಟುಕೊಂಡು ಅವಳು ಅದೇ ವಾರ್ಡಿನಲ್ಲಿ ಬಿದ್ದಿದ್ದಳು. ಅವಳ ಎದೆಯಿಂದ ಹಾಲು ಇನ್ನೂ ಸುರಿಯುತ್ತಿತ್ತು.

ಬೆಳಗಾಯಿತು. ಗಾಜಿನಲ್ಲಿ ನೋಡಿದೆ. ನನ್ನ ಮಗುವಿನ ಬಾಯಿಗೆ ಆಯಾ ಚಮಚ ಹಿಡಿದಿದ್ದಳು. ನೀರು ಕೆನ್ನೆಯ ಮೇಲೆ ಇಳಿದು ಹೋಯಿತು. ಮಗು ತುಟಿ ಅಲುಗಿಸಲಿಲ್ಲ. ಆಯಾ ಬಾಯಿ ಒರೆಸಿ ಮುಂದಿನ ಕೂಸಿಗೆ ಹೋದಳು.

ಇನ್ನು ಕೂತರೆ ನನ್ನ ಕೈಗೂ ಬಿಳಿ ಬಟ್ಟೆಯ ಗಂಟು ಬರುತ್ತದೆ ಎಂದು ಗೊತ್ತಾಯಿತು. ಆಯಾ ಖಾಲಿ ಬಟ್ಟಲು ಹಿಡಿದು ಬಾಗಿಲು ತೆಗೆದಳು. ನಾನು ಅವಳನ್ನು ಪಕ್ಕಕ್ಕೆ ನೂಕಿ ಒಳಗೆ ನುಗ್ಗಿದೆ. ನನ್ನ ಮಗುವನ್ನು ಎತ್ತಿಕೊಂಡೆ. ಹಗುರವಾಗಿತ್ತು. ಎಷ್ಟು ಹಗುರವಾಗಿತ್ತು ಎಂದರೆ ನನಗೆ ಹೆದರಿಕೆಯಾಯಿತು. ಆಯಾ ಕೂಗಿಕೊಂಡಳು. ನಾನು ನಡೆದೆ. ಹೊಲಿಗೆ ಹಾಕಿದ ಮೈ, ಓಡಲು ಆಗುವುದಿಲ್ಲ. ಕಾಲು ಅಗಲಿಸಿಕೊಂಡು, ಗೋಡೆ ಹಿಡಿದುಕೊಂಡು ನಡೆದೆ. ಧರ್ಮದ ವಾರ್ಡು ದಾಟಿದೆ. ಹಸಿರು ಪರದೆ ಕಟ್ಟಿದ ಬಾಗಿಲು ಬಂತು. ಅದರಾಚೆ ನಮ್ಮಂಥವರು ಕಾಲಿಡಬಾರದು. ಪರದೆ ಸರಿಸಿದೆ. ಬಿಸಿಲು ಮುಖಕ್ಕೆ ಹೊಡೆಯಿತು.

ಉದ್ದ ವರಾಂಡದಲ್ಲಿ ಇದ್ದದ್ದು ಒಂದೇ ಬಿದಿರು ತೊಟ್ಟಿಲು. ಅದರಲ್ಲಿ ಒಂದು ಕೂಸು ಬೆತ್ತಲೆ ಮಲಗಿತ್ತು. ಕಣ್ಣಿನ ಮೇಲೆ ಮೆತ್ತನೆಯ ಬಟ್ಟೆ. ಅದೂ ಸ್ವಲ್ಪ ಹಳದಿ. ಪಕ್ಕದ ಬೆತ್ತದ ಕುರ್ಚಿಯಲ್ಲಿ ಅದರ ತಾಯಿ ಕಾಲು ನೀಡಿ ಕೂತು, ಕೂಸಿನ ಪಾದ ಸವರುತ್ತಿದ್ದಳು. ಸಣ್ಣ ಡಾಕ್ಟರಮ್ಮ ನನಗೆ ಹೇಳಿದ್ದೆಲ್ಲ ಅಲ್ಲಿ ನಡೆಯುತ್ತಿತ್ತು. ತಾಯಿ ಇದ್ದಳು, ಹಾಲು ಇತ್ತು, ಬಿಸಿಲು ಇತ್ತು. ಅವಳು ಯಾರೆಂದು ಆಮೇಲೆ ಗುರುತು ಹತ್ತಿತು. ನಮ್ಮ ಹೋಟೆಲಿನ ಸುಬ್ರಾಯರ ಮಗಳು ಜಯಲಕ್ಷ್ಮಿ.

ನಾನು ನೆಲದ ಮೇಲೆ ಕೂತೆ. ಮಗುವಿನ ಬಟ್ಟೆ ಬಿಚ್ಚಿ ಬಿಸಾಡಿದೆ. ಕಾಲು ನೀಡಿ ಅದರ ಮೇಲೆ ಮಲಗಿಸಿದೆ. ಸೆರಗಿನ ತುದಿಯಿಂದ ಕಣ್ಣು ಮುಚ್ಚಿದೆ. ಆ ಬಿಸಿಲಿನಲ್ಲಿ ನೋಡಿದಾಗಲೇ ಗೊತ್ತಾಗಿದ್ದು ಹಳದಿ ಎಲ್ಲಿಯವರೆಗೆ ಹಬ್ಬಿದೆ ಎಂದು. ಅಂಗಾಲಿನವರೆಗೂ ಹಬ್ಬಿತ್ತು.

ಹೆಡ್ ನರ್ಸು ಬಂದಳು, ಆಯಾಗಳು ಬಂದರು. ರೂಮಿನೊಳಗಿನಿಂದ ಸುಬ್ರಾಯರ ಹೆಂಡತಿ ಅಂಬುಜಮ್ಮ ಬಂದರು. ಅವರು ಕೆಟ್ಟವರಲ್ಲ ಎಂದು ಹೋಟೆಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ದೀಪಾವಳಿಗೆ ನನಗೆ ಹಳೆಯ ಸೀರೆ ಕೊಡುತ್ತಿದ್ದರು. ಕೊಡುವಾಗ ಕೈ ತಾಗದಂತೆ ಮೇಲಿನಿಂದ ಬಿಡುತ್ತಿದ್ದರು.

“ಸರಸ, ನೀ ಎಂತಕ್ ಇಲ್ಲಿಗ್ ಬಂದೆ?” ಎಂದರು.

ನಾನು ಎಲ್ಲ ಹೇಳಿದೆ. ಕನ್ನಿಯಮ್ಮನ ಕೂಸಿನ ಕತೆಯನ್ನೂ ಹೇಳಿದೆ. ಅವರು ನನ್ನ ಮಗುವನ್ನು ದೂರದಿಂದಲೇ ಬಗ್ಗಿ ನೋಡಿ ಪಾಪ ಅಂದರು. ಹೆಡ್ ನರ್ಸಿನ ಹತ್ತಿರ ಮಾತಾಡಿದರು. ಆಮೇಲೆ ದೊಡ್ಡ ಉಪಕಾರ ಮಾಡುವವರ ದನಿಯಲ್ಲಿ ನನಗೆ ಹೇಳಿದರು.

“ಶಿಶೂನ್ ಇಲ್ಲ್ ಬಿಡ್. ನಮ್ ಆಯಾ ಬಿಸ್ಲ್ ಕಾಸಿ ತಂದ್ ಕೊಡ್ತಳ್. ನೀ ಮಾತ್ರ ಹೊರಗ್ ಹೋಯ್ ನಿಲ್ಲ್. ಇಲ್ಲ್ ನಮ್ ಬಾಣಂತಿ ಇದ್ದಳ್. ಮಡಿಯವ್ರ್ ಅಲ್ದಾ ನಾವ್?”

ಹೆಡ್ ನರ್ಸು ತಲೆಯಾಡಿಸಿದಳು. ಆಯಾಗಳು ನನ್ನ ಅದೃಷ್ಟ ಎಂದರು. ಇಷ್ಟು ಒಳ್ಳೆಯ ಮಾತಿಗೆ ಇಲ್ಲ ಅನ್ನುವವಳು ಇದ್ದಾಳೆಯೇ ಎಂದು ಎಲ್ಲರೂ ನನ್ನ ಮುಖ ನೋಡಿದರು. ಅವರ ಆಯಾ ಕೈ ಚಾಚಿದಳು. ನನಗೆ ಒಂದು ಕ್ಷಣ ಆಸೆಯಾಯಿತು. ಬಿಸಿಲು ಸಿಕ್ಕೀತಲ್ಲ ಎಂದು. ಆಗ ಮಗು ಸ್ವಲ್ಪ ಮಿಸುಕಾಡಿತು. ಬಿಸಿಲು ತಾಗಿ ಎಚ್ಚರವಾಗಿತ್ತೋ ಏನೋ, ನನ್ನ ಮೈಯ ವಾಸನೆ ಹಿಡಿದು ಮುಖ ತಿರುಗಿಸಿತು. ರವಿಕೆಯ ಒದ್ದೆಗೆ ಬಾಯಿ ಹಾಕಿತು. ನಾನು ಗುಂಡಿ ಬಿಚ್ಚಿದೆ. ಎಲ್ಲರ ಎದುರಿಗೇ ಬಿಚ್ಚಿದೆ. ಮೊಲೆ ಬಾಯಿಗಿಟ್ಟೆ. ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು.

ನಮ್ಮ ಕಡೆ ಹೆರಿಗೆಯಾದ ಮನೆಗೆ ಅಮೆ. ತಾಯಿ ಮಗು ಇಬ್ಬರನ್ನೂ ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮೀಯಬೇಕು. ಬ್ರಾಹ್ಮಣರಿಗೂ ಅದೇ, ನಮಗೂ ಅದೇ. ಅದು ನೆನಪಾಗಿ ನನಗೆ ಆ ಹೊತ್ತಿನಲ್ಲೂ ನಗು ಬಂತು.

“ಅಮ್ಮ, ನಿಮ್ ಮಗ್ಳಿಗೂ ಅಮೆ, ನಂಗೂ ಅಮೆ. ಇಲ್ಲ್ ಮಡಿ ಯಾರಿಗ್ ಇತ್ತ್?” ಎಂದೆ. “ಶಿಶು ಒಳಗ್, ನಾನ್ ಹೊರಗ್ ಆದ್ರೆ ಹಾಲ್ ಯಾರ್ ಕೊಡೂದ್? ನಾನ್ ಏಳ್ತಿಲ್ಲೆ.”

ಅಂಬುಜಮ್ಮನ ಮುಖ ಕಪ್ಪಿಟ್ಟಿತು. ಹಿತ್ತಲಿನವಳು ಎದುರು ಮಾತಾಡಿದ್ದು ಅವರ ಜನ್ಮದಲ್ಲಿ ಅದೇ ಮೊದಲಿರಬೇಕು. ಹೆಡ್ ನರ್ಸು ಬಗ್ಗಿ ಮಗುವಿಗೆ ಕೈ ಹಾಕಿದಳು. ನಾನು ಎರಡೂ ತೋಳಿನಿಂದ ಅಪ್ಪಿ ಹಿಡಿದು ಹಿಂದಕ್ಕೆ ಜಗ್ಗಿದೆ. ಹಂಡೆ ಎತ್ತಿ ಇಳಿಸಿದ ತೋಳು ನನ್ನದು. ಅವಳಿಗೆ ಬಿಡಿಸಲು ಆಗಲಿಲ್ಲ. ಆದರೆ ಕೆಳಗೆ ಹೊಲಿಗೆ ಹರಿಯಿತು. ಬಿಸಿಯಾಗಿ ಇಳಿಯುವುದು ತಿಳಿಯಿತು. ಸೀರೆ ತೊಯ್ದಿತು. ಆಮೇಲೆ ವರಾಂಡದ ಹೊಳೆಯುವ ನೆಲದ ಮೇಲೆ ಕೆಂಪಗೆ ಹರಿಯಿತು.

ಅಂಬುಜಮ್ಮ ಸೀರೆ ಎತ್ತಿಕೊಂಡು ಹಿಂದೆ ಸರಿದರು. ಅವರ ಆಯಾ ಸರಿದಳು. ಹೆಡ್ ನರ್ಸೂ ಕೈ ತೆಗೆದಳು. ಬಾಣಂತಿಯ ಮೈಲಿಗೆ, ಅದರಲ್ಲೂ ನನ್ನಂಥವಳ ಮೈಲಿಗೆ. ನನ್ನ ಸುತ್ತ ಒಂದು ಮಾರು ಜಾಗ ಖಾಲಿಯಾಯಿತು. ಆ ಜಾಗದಲ್ಲಿ ನಾನೂ ನನ್ನ ಮಗುವೂ ಬಿಸಿಲೂ ಮಾತ್ರ ಉಳಿದೆವು. ನೋವಿನಿಂದ ಹಲ್ಲು ಕಚ್ಚಿಕೊಂಡಿದ್ದೆ. ಆದರೂ ನನಗೆ ಧೈರ್ಯ ಬಂತು. ಇಷ್ಟು ದಿನ ಯಾವುದನ್ನು ಹಿಡಿದು ನನ್ನನ್ನು ದೂರ ಇಟ್ಟಿದ್ದರೋ ಅದನ್ನೇ ಹಿಡಿದು ನಾನು ಕೂತಿದ್ದೆ.

ಹೆಡ್ ನರ್ಸು ತೋಟಿಯನ್ನು ಕರೆಸಿದಳು. ಬಕೆಟ್ಟು ಪೊರಕೆ ಹಿಡಿದು ಗುಡಿಸುವ ಹೆಂಗಸು ಬಂದಳು. ಇವಳನ್ನು ಎತ್ತಿ ಹೊರಗೆ ಹಾಕು ಎಂದು ಅಪ್ಪಣೆಯಾಯಿತು. ಅವಳು ನನ್ನನ್ನೂ ನೆಲವನ್ನೂ ನೋಡಿದಳು. ತಾಯಿ ಎದ್ದ ಮೇಲೆ ನೆಲ ಒರೆಸುತ್ತೇನೆ, ತಾಯಿಯನ್ನು ಎತ್ತುವ ಕೆಲಸ ನನ್ನದಲ್ಲ ಎಂದು ತಮಿಳಿನಲ್ಲಿ ಹೇಳಿದಳು. ಬಕೆಟ್ಟು ಕೆಳಗಿಟ್ಟು ಗೋಡೆಗೆ ಒರಗಿದಳು.

ಹರತಾಳಕ್ಕೆ ಹೋಟೆಲು ಮುಚ್ಚಿದ್ದರಿಂದ ಶೀನ ಆಸ್ಪತ್ರೆಯ ಅಂಗಳದಲ್ಲೇ ಇದ್ದ. ಅಂಬುಜಮ್ಮ ಅವನನ್ನು ಕರೆಸಿದರು. ಅವರು ಏನು ಹೇಳಿದರೋ ನನಗೆ ಕೇಳಲಿಲ್ಲ. ಅವನು ವರಾಂಡದ ಮೆಟ್ಟಿಲ ಕೆಳಗೆ ನಿಂತು ತಲೆ ತಗ್ಗಿಸಿ ಕೇಳಿದ. ಆಮೇಲೆ ನನ್ನ ಹತ್ತಿರ ಬಂದ. ಬೆವರಿದ್ದ.

“ಏಳ್ ಸರಸ. ಧಣಿಗಳ್ ಕೆಲ್ಸ ತೆಗ್ದ್ರೆ ತಿಂಬುದ್ ಎಂತ?”

ನಾನು ಸೆರಗು ಸರಿಸಿ ಮಗುವಿನ ಅಂಗಾಲು ತೋರಿಸಿದೆ. ಮದ್ರಾಸಿಗೆ ಬಂದ ಮೇಲೆ ಅವನು ಯಾವುದನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಆಮೇಲೆ ಹೆಗಲ ಮೇಲಿನ ಬೈರಾಸು ತೆಗೆದು ಮಡಿಸಿ ನನ್ನ ಕೆಳಗೆ ಸೇರಿಸಿದ. ಅಂಬುಜಮ್ಮನ ಕಡೆ ತಿರುಗಲಿಲ್ಲ. ಕಂಬದ ಪಕ್ಕ ಹೋಗಿ ನಿಂತುಕೊಂಡ. ಅಲ್ಲಿಂದ ಕದಲಲಿಲ್ಲ.

ಎತ್ತಲು ಆಗಲಿಲ್ಲ, ಹೆದರಿಸಲು ಆಗಲಿಲ್ಲ. ಆಗ ಹೆಡ್ ನರ್ಸಿಗೆ ಒಂದು ಉಪಾಯ ಹೊಳೆಯಿತು. ವರಾಂಡಕ್ಕೆ ಬಿದಿರಿನ ಪರದೆಗಳಿದ್ದವು. ಸುರುಳಿ ಸುತ್ತಿ ಹಗ್ಗದಿಂದ ಮೇಲೆ ಕಟ್ಟಿದ್ದರು. ಇಳಿಸಿ ಎಂದಳು. ಆಯಾ ಹಗ್ಗ ಬಿಚ್ಚಿದಳು. ಪರದೆ ಸರ್ರನೆ ಇಳಿಯಿತು. ನನ್ನ ಮಗುವಿನ ಮೇಲಿನ ಬಿಸಿಲು ಹೋಯಿತು. ಜಯಲಕ್ಷ್ಮಿಯ ತೊಟ್ಟಿಲ ಮೇಲಿನದೂ ಹೋಯಿತು. ನನ್ನ ಮಗುವಿಗೂ ಬಿಸಿಲು ಬೇಕಲ್ಲಮ್ಮ ಎಂದು ಅವಳು ಸಣ್ಣ ದನಿಯಲ್ಲಿ ತಾಯಿಗೆ ಹೇಳಿದಳು. ನಾಳೆ ಕಾಸಿದರಾಯಿತು ಎಂದರು ಅಂಬುಜಮ್ಮ. ತಮ್ಮ ಮೊಮ್ಮಗುವಿನ ಬಿಸಿಲನ್ನೂ ಕಳೆದುಕೊಳ್ಳಲು ಸಿದ್ಧ, ನನ್ನ ಜೊತೆ ಹಂಚಿಕೊಳ್ಳಲು ಸಿದ್ಧರಿಲ್ಲ. ನಾನು ಆ ಕತ್ತಲಲ್ಲಿ ಮಗುವನ್ನು ಅಪ್ಪಿಕೊಂಡು ಬಾಯಿಗೆ ಬಂದಂತೆ ಬೈದೆ. ನನ್ನ ಭಾಷೆ ಅರ್ಥವಾಗದವರೂ ಕಿವಿ ಮುಚ್ಚಿಕೊಂಡರು.

ಹಸಿರು ಪರದೆ ಸರಿಯಿತು. ಕನ್ನಿಯಮ್ಮ ಬಂದಳು. ಅವಳ ಹಿಂದೆ ಧರ್ಮದ ವಾರ್ಡಿನ ತಾಯಂದಿರು. ಒಬ್ಬೊಬ್ಬಳ ತೋಳಿನಲ್ಲೂ ಕೂಸು. ನಾನು ನುಗ್ಗಿದ ಮಕ್ಕಳ ರೂಮಿನ ಬಾಗಿಲಿನಿಂದ ತಮ್ಮ ತಮ್ಮ ಮಕ್ಕಳನ್ನು ಎತ್ತಿಕೊಂಡು ಬಂದಿದ್ದರು. ಕೂಸಿಲ್ಲದವಳು ಕನ್ನಿಯಮ್ಮ ಒಬ್ಬಳೇ.

ಅವಳು ನೇರ ಬಿದಿರಿನ ಪರದೆಯ ಬಳಿಗೆ ಹೋದಳು. ಬೆಂಚು ಎಳೆದು ಹತ್ತಿದಳು. ಹಗ್ಗ ಹಿಡಿದು ಎರಡೇ ಜಗ್ಗಿಗೆ ಪರದೆಯನ್ನು ಮೇಲೆತ್ತಿದಳು. ಹಗ್ಗವನ್ನು ಕಂಬಕ್ಕೆ ಸುತ್ತಿ, ಒಳಗೆ ತೂರಿಸಿ, ತಿರುಗಿಸಿ, ಹಲ್ಲಿನಲ್ಲಿ ಕಚ್ಚಿ ಬಿಗಿದಳು. ಮೀನಿಗೆ ಹೋಗುವ ಕಟ್ಟುಮರವನ್ನು ಅಲೆಗೆ ಸಿಗದಂತೆ ಕಟ್ಟುವ ಗಂಟು ಅದು. ಒಂದಾದ ಮೇಲೊಂದು ಎಲ್ಲ ಪರದೆಗಳನ್ನೂ ಹಾಗೆಯೇ ಕಟ್ಟಿದಳು. ಆಮೇಲೆ ಬೆಂಚಿನ ಮೇಲಿನಿಂದಲೇ ಹೆಡ್ ನರ್ಸನ್ನು ನೋಡಿ, ಬಿಸಿಲೇನು ನಿಮ್ಮಪ್ಪನ ಮನೆ ಆಸ್ತಿಯೇ ಎಂದು ತಮಿಳಿನಲ್ಲಿ ಕೇಳಿದಳು. ಆಯಾಗಳು ಉಗುರು ಹಾಕಿ ಎಳೆದರು, ಒಬ್ಬಳು ಕಡ್ಡಿ ತೂರಿಸಿ ನೋಡಿದಳು. ಆ ಗಂಟು ಬಿಚ್ಚಲು ಅಲ್ಲಿ ಯಾರಿಗೂ ಬರಲಿಲ್ಲ.

ತಾಯಂದಿರು ಸಾಲಾಗಿ ಕೂತರು. ಬಟ್ಟೆ ಬಿಚ್ಚಿದರು, ಕಾಲು ನೀಡಿದರು. ನಾನು ಡಾಕ್ಟರಮ್ಮ ಹೇಳಿದ್ದನ್ನು ನನಗೆ ಬಂದ ಹರಕು ತಮಿಳಿನಲ್ಲಿ ಹೇಳಿದೆ. ಕಣ್ಣು ಮುಚ್ಚಿ, ಬೆನ್ನು ತಿರುಗಿಸಿ, ಪಾದ ತಟ್ಟಿ ಎಂದೆ. ಕನ್ನಿಯಮ್ಮ ಬೆಂಚಿನಿಂದ ಇಳಿದು ನನ್ನ ಪಕ್ಕ ಕೂತಳು. ಅವಳೂ ಕಾಲು ನೀಡಿದಳು. ಆ ಕಾಲ ಮೇಲೆ ಬಿಸಿಲು ಬಿತ್ತು, ಮಗು ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ನಾನು ಅತ್ತೆ. ಅವಳು ಅಳಲಿಲ್ಲ. ಆಚೆ ಒಬ್ಬ ಎಳೆಯ ತಾಯಿಗೆ ಹಾಲೇ ಬಂದಿರಲಿಲ್ಲ. ಕನ್ನಿಯಮ್ಮ ಕೈ ಚಾಚಿ ಆ ಕೂಸನ್ನು ಇಸಿದುಕೊಂಡು ಎದೆಗೆ ಹಾಕಿಕೊಂಡಳು.

ಬಿಸಿಲು ಸುಡುವವರೆಗೂ ನಾವು ಏಳಲಿಲ್ಲ. ಎದ್ದ ಮೇಲೆ ಕೂಸುಗಳನ್ನು ಮಕ್ಕಳ ರೂಮಿಗೆ ಕೊಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡೆವು. ಎಬ್ಬಿಸಿ ಎಬ್ಬಿಸಿ ಹಾಲು ಕೊಟ್ಟೆವು. ಬೈರಾಸು ಒತ್ತಿ ಒತ್ತಿ ನನ್ನ ರಕ್ತವೂ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಸುಬ್ರಾಯರಿಂದ ಸುದ್ದಿ ಬಂತು. ಶೀನನೂ ಬೇಡ, ನಾನೂ ಬೇಡ. ಶೀನ ಅದನ್ನು ಹೇಳಿ, ಅಂಬತ್ತೂರಿನ ಕಡೆ ಹೊಸ ಕಾರ್ಖಾನೆಗಳಿಗೆ ಮಣ್ಣು ಹೊರುವ ಕೆಲಸ ಇದೆಯಂತೆ ಎಂದ. ಆ ಕೆಲಸದಲ್ಲಿ ಎಂಜಲು ಇಲ್ಲ ಎಂದೂ ಹೇಳಿದ.

ಮರುದಿನ ಬೆಳಿಗ್ಗೆ ನಾವು ಕೂಸುಗಳನ್ನು ಎತ್ತಿಕೊಂಡು ಹೊರಟರೆ ಹಸಿರು ಪರದೆಯ ಹಿಂದೆ ಬಾಗಿಲು ಮುಚ್ಚಿ ಬೀಗ ಹಾಕಿದ್ದರು. ಬಾಗಿಲ ಸಂದಿಯಲ್ಲಿ ಒಂದು ಗೆರೆ ಬಿಸಿಲು ಕಾಣುತ್ತಿತ್ತು. ನಾವು ಬಾಗಿಲೆದುರು ನೆಲದ ಮೇಲೆ ಕೂತೆವು. ಸಣ್ಣ ಡಾಕ್ಟರಮ್ಮ ಬಸ್ಸಿಲ್ಲದೆ ನಡೆದುಕೊಂಡೇ ಬಂದಿದ್ದಳು. ನಮ್ಮ ಮಧ್ಯೆ ಕೂತು ಒಂದೊಂದೇ ಕೂಸಿನ ಮೂಗು ಒತ್ತಿ ನೋಡಿದಳು. ನನ್ನದನ್ನು ಎರಡು ಸಲ ನೋಡಿದಳು. ಏರಿಲ್ಲ, ಇನ್ನೂ ಕೆಲವು ಬೆಳಗು ಬಿಸಿಲು ಬೇಕು ಎಂದಳು. ಬೀಗದ ಕೈ ಕೇಳಲು ಎದ್ದು ಹೋದಳು. ಕೊಡಲಿಲ್ಲವಂತೆ. ಬರಿಗೈಯಲ್ಲಿ ಬಂದು ಮತ್ತೆ ನಮ್ಮ ಪಕ್ಕ ಕೂತಳು.

ಆಗ ನನ್ನ ಮಗು ತಾನಾಗಿಯೇ ಎಚ್ಚರವಾಯಿತು. ಹಾಲು ಕೊಟ್ಟೆ. ಎಳೆದೆಳೆದು ಕುಡಿಯಿತು, ನನಗೆ ನೋಯುವಷ್ಟು ಕುಡಿಯಿತು. ಒಂದು ಮೊಲೆ ಮುಗಿಸಿ, ಇನ್ನೊಂದಕ್ಕೆ ತಿರುಗಿಸುವಷ್ಟರಲ್ಲಿ ತಡವಾಯಿತೆಂದು ಬಾಯಿ ತೆರೆದು ಕಿರುಚಿತು. ಹುಟ್ಟಿದ ಮೇಲೆ ಅಷ್ಟು ಜೋರಾಗಿ ಅತ್ತದ್ದು ಅದೇ ಮೊದಲು. ಅದನ್ನು ಕೇಳಿ ಉಳಿದ ಕೂಸುಗಳೂ ಶುರು ಮಾಡಿದವು. ಬೀಗ ಹಾಕಿದ ಬಾಗಿಲಿನಾಚೆ ಕುರ್ಚಿ ಸರಿದ ಸದ್ದಾಯಿತು.

ಹೆಡ್ ನರ್ಸು ಓಡಿಬಂದಳು. ದುಡ್ಡಿನ ವಾರ್ಡಿನವರಿಗೆ ತೊಂದರೆಯಾಗುತ್ತದೆ, ಮಗುವನ್ನು ಸುಮ್ಮನಿರಿಸು ಎಂದಳು.

ನಾನು ಸುಮ್ಮನಿರಿಸಲಿಲ್ಲ.